ಸಂಗಮದಲ್ಲಿ ದೊರೆತ ಸೂರು

ಪಂಪಾಕ್ಷೇತ್ರದ ವಿರೂಪಾಕ್ಷನ ಸನ್ನಿಧಿಯಲ್ಲಿ ಬಾಳಿದ ಕವಿ ಹರಿಹರನು ತನ್ನ ರಗಳೆಯಲ್ಲಿ ಬಸವಣ್ಣನವರ ಬಾಲ್ಯವನ್ನು ಚಿತ್ರಿಸಿದ್ದಾನೆ. ಅವನು ತೋರುವ ಬಾಲಬಸವಣ್ಣನವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದವರು; ಹದಿಹರೆಯದಲ್ಲಿ ಜನಿವಾರವನ್ನು ತೊರೆದು, ಬಂಧುಬಳಗವನ್ನು ಬಿಟ್ಟು, ಬಾಗೇವಾಡಿಯಿಂದ ಕೂಡಲಸಂಗಮಕ್ಕೆ ನಡೆದವರು. ಹೀಗೆ ಮನೆಯಿಲ್ಲದೆ ಬಂದ ತರುಣನನ್ನು ಸಂಗಮದ ಸ್ಥಾನಪತಿಗಳಾದ ಈಶಾನ್ಯಗುರುಗಳು ಬರಮಾಡಿಕೊಂಡರು. ಇರಲು ನೆಲೆಯನ್ನಿತ್ತರು, ಸಂಗಮನಾಥನ ಪೂಜೆಯ ಹೊಣೆಯನ್ನೂ ಒಪ್ಪಿಸಿದರು. ಮುಂದೆ ಕಲ್ಯಾಣದಲ್ಲಿ ಮಹಾಮನೆಯನ್ನು ಕಟ್ಟಿ ಅಸಂಖ್ಯಾತ ಜಂಗಮರಿಗೆ ಬಾಗಿಲು ತೆರೆದ ಮಹಾನುಭಾವರಿಗೆ ಮೊದಲು ಒಬ್ಬರು ಬಾಗಿಲು ತೆರೆದಿದ್ದರು. ಪ್ರವಚನಗಳಲ್ಲಿ ಈ ಸಂಗತಿ ಬಂದುಹೋಗುತ್ತದೆ. ಅದರ ಹೊಣೆ ಮಾತ್ರ ಭಕ್ತರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ನಿಲ್ಲದಿರಲು ಒಂದು ಕಾರಣವಿದೆ. ಮನೆಯೆಂಬುದು ಮಾಯೆ, ಶರಣನಿಗೆ ಸೂರಿನ ಹಂಗೇಕೆ ಎಂಬ ಮಾತು ರೂಢಿಯಾಗಿದೆ. ಅಕ್ಕಮಹಾದೇವಿಯವರು ಪಾಳುಬಿದ್ದ ಗುಡಿಗಳನ್ನೇ ತಮ್ಮ ಮಲಗುವ ತಾಣವೆಂದು ಬಗೆದುದನ್ನು ಇದಕ್ಕೆ ಆಧಾರವಾಗಿ ಹೇಳುವವರುಂಟು. ಇದು ವಚನಕ್ಕೆ ಮಾಡುವ ಅಪಚಾರ. ಅಕ್ಕನವರು ಅರಮನೆಯನ್ನು ತಾವಾಗಿಯೇ ತೊರೆದವರು. ಅವರ ನಿರಾಶ್ರಯವು ವೈರಾಗ್ಯದ ಫಲ. ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ರಾತ್ರಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆಯುವುದು ವೈರಾಗ್ಯವಲ್ಲ. ತೊರೆಯಲು ಅವನ ಬಳಿ ಏನೂ ಇರಲಿಲ್ಲ. ಆಯ್ಕೆಯಿಂದ ಬಂದ ಬಯಲಿಗೂ ನೂಕಿದ್ದರಿಂದ ಬಂದ ಬೀದಿಗೂ ಇರುವ ಅಂತರವನ್ನು ಅರಿಯದವನು ಜಂಗಮತತ್ತ್ವವನ್ನೂ ಅರಿತಿಲ್ಲ.

ಟಿ.ಬಿ. ಡ್ಯಾಂ ಪರಿಸರದ ಜನತೆಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೪೫ರಲ್ಲಿ ಅಡಿಗಲ್ಲು ಬಿದ್ದು ೧೯೫೩ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಒಡಲಲ್ಲಿ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನರು ಹೊಸ ನೆಲೆಗಳಿಗೆ ಗಂಟುಮೂಟೆ ಹೊತ್ತರು. ಅಣೆಕಟ್ಟಿನ ಆಸರೆಯಲ್ಲಿ ಎದ್ದ ಕಾಲೋನಿಗಳ ಮನೆಗಳಾದರೋ ನೌಕರಿ ಇರುವವರೆಗಿನ ಮನೆಗಳು. ತಂದೆ ನಿವೃತ್ತನಾದರೆ ಅಥವಾ ಅಕಾಲದಲ್ಲಿ ತೀರಿಕೊಂಡರೆ ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಬೀಗದ ಕೈಯನ್ನು ಒಪ್ಪಿಸಿ ಹೊರಡಬೇಕು. ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ೨೦೧೫ರ ಕೊನೆಯಲ್ಲಿ ತೀರ್ಮಾನಿಸಿದಾಗ ಅನ್ನದ ದಾರಿಯೊಂದು ಮುಚ್ಚಿತು. ಆ ಅನ್ನವನ್ನು ನಂಬಿದ್ದ ಸೂರುಗಳೂ ಅಲುಗಿದವು. ಅತ್ತ ಹಂಪಿಯಲ್ಲಿ ೨೦೧೧ರ ಜುಲೈ ೨೯ರಂದು ವಿರೂಪಾಕ್ಷ ಬಜಾರಿನ ಮನೆಗಳು ನೆಲಸಮವಾದವು. ಅಲ್ಲಿನ ಪ್ರಾಚೀನ ಮಂಟಪಗಳಲ್ಲಿ ಎಷ್ಟೋ ಕುಟುಂಬಗಳು ಸಂಸಾರ ಹೂಡಿದ್ದವು. ಸ್ಮಾರಕಗಳನ್ನು ಉಳಿಸಬೇಕೆಂಬುದು ನಿಜ. ಆದರೆ ಅಂದು ಪುಸ್ತಕದ ಚೀಲ ಹಿಡಿದು ಬೀದಿಯಲ್ಲಿ ನಿಂತ ಮಕ್ಕಳು ಇಂದು ತರುಣರಾಗಿದ್ದಾರೆ ಎಂಬುದೂ ಅಷ್ಟೇ ನಿಜ.

ಊರೇ ಕೂಡಿ ನೆಲೆ ಕಳೆದುಕೊಂಡಾಗ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಒಬ್ಬಂಟಿ ತರುಣನ ಸಂಕಟ ಯಾರಿಗೂ ಕಾಣುವುದಿಲ್ಲ. ಬಾಲಮಂದಿರದಲ್ಲಿ ಬೆಳೆದವನಿಗೆ ಹದಿನೆಂಟು ತುಂಬಿದ ದಿನವೇ ಗಡೀಪಾರಿನ ದಿನವಾಗುವುದುಂಟು. ಪ್ರಸಾದ ನಿಲಯದಲ್ಲಿ ಓದುವ ತಬ್ಬಲಿಗೆ ಬೇಸಿಗೆಯ ರಜೆಯೆಂದರೆ ಸಂಭ್ರಮವಲ್ಲ, ಭಯ. ಎಲ್ಲರೂ ಊರಿಗೆ ಹೊರಟಾಗ ಅವನಿಗೆ ಹೊರಡಲು ಊರಿಲ್ಲ. ಸರ್ಕಾರದ ವಿದ್ಯಾಸಿರಿ ಯೋಜನೆಯೂ ೨೦೧೩ರಲ್ಲಿ ಆರಂಭವಾದಾಗ ಊಟ ವಸತಿಗೆಂದು ಗೊತ್ತುಮಾಡಿದ್ದು ತಿಂಗಳಿಗೆ ೧೫೦೦ ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು ಮಾತ್ರ. ಉಳಿದೆರಡು ತಿಂಗಳು ಹಸಿವೂ ಮಳೆಯೂ ರಜೆ ಪಡೆಯುವುದಿಲ್ಲವಷ್ಟೆ!

ಹಾಗೆಂದು ಇಂತಹವರಿಗೆ ಯಾವ ಹಕ್ಕೂ ಇಲ್ಲವೆಂದು ಭಾವಿಸಲಾಗದು. ೨೦೧೫ರ ಬಾಲನ್ಯಾಯ ಕಾಯ್ದೆಯು ಪಾಲನಾ ಸಂಸ್ಥೆಗಳಿಂದ ಹೊರಬರುವವರಿಗೆ ಹದಿನೆಂಟರಿಂದ ಇಪ್ಪತ್ತೊಂದು ವರ್ಷದವರೆಗೆ ‘ಅನುಪಾಲನೆ’ಯನ್ನು ವಿಧಿಸಿದೆ, ವಿಶೇಷ ಸಂದರ್ಭಗಳಲ್ಲಿ ಇದನ್ನು ಇಪ್ಪತ್ತಮೂರರವರೆಗೆ ಮುಂದುವರಿಸಲು ನಿಯಮಗಳಲ್ಲಿ ಅವಕಾಶವಿದೆ. ಮಿಷನ್ ವಾತ್ಸಲ್ಯದ ೨೦೨೨ರ ಮಾರ್ಗಸೂಚಿಯು ಇದಕ್ಕಾಗಿ ತಿಂಗಳಿಗೆ ೪೦೦೦ ರೂಪಾಯಿಗಳ ನೆರವನ್ನು ಗೊತ್ತುಮಾಡಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ ಇದರ ಬಾಗಿಲು. ಇನ್ನು ನಗರದ ನಿರಾಶ್ರಿತರಿಗಾಗಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಆಶ್ರಯತಾಣವೆಂಬ ಅಳತೆಯನ್ನು ಹಾಕಿಕೊಟ್ಟಿತ್ತು. ೨೦೧೧ರ ಜನಗಣತಿಯಲ್ಲಿಯೇ ಹೊಸಪೇಟೆ ಎರಡು ಲಕ್ಷವನ್ನು ದಾಟಿತ್ತು. ಆ ಅಳತೆಯಂತೆ ಇಲ್ಲಿ ಇನ್ನೂರು ಜನರಿಗಾದರೂ ರಾತ್ರಿಯ ಸೂರಿರಬೇಕು. ಕಾನೂನು ಇದ್ದರೂ ಅದರ ಬಾಗಿಲು ಎಲ್ಲಿದೆಯೆಂದು ಆ ತರುಣನಿಗೆ ತಿಳಿಸುವವರಿಲ್ಲ. ಹಿರಿಯರಿಲ್ಲದವನಿಗೆ ಇರುವ ದೊಡ್ಡ ಕೊರತೆಯೇ ಇದು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ದುಡಿಯುವ ಪ್ರಾಯದವರಿಗೆ ಸೂರು ಕೊಟ್ಟರೆ ಸೋಮಾರಿಗಳಾಗುವರೆಂಬುದು ಒಂದು. ಕಾಯಕವನ್ನು ಕೈಲಾಸವಾಗಿ ಕಂಡ ಪರಂಪರೆಯಲ್ಲಿ ಈ ಪ್ರಶ್ನೆ ಸಹಜವೇ. ಆದರೆ ವಿಳಾಸವಿಲ್ಲದವನಿಗೆ ಕೆಲಸ ಕೊಡುವವರಾರು? ಬ್ಯಾಂಕಿನ ಖಾತೆಗೆ ವಿಳಾಸ ಬೇಕು, ಪಡಿತರ ಚೀಟಿಗೆ ವಿಳಾಸ ಬೇಕು. ಬಾಡಿಗೆಗೆ ಕೋಣೆ ಕೇಳಿದರೆ ಹತ್ತು ತಿಂಗಳ ಅಡ್ವಾನ್ಸ್ ಬೇಕು, ಮೇಲೆ ‘ಒಂಟಿ ಹುಡುಗರಿಗೆ ಕೊಡುವುದಿಲ್ಲ’ವೆಂಬ ಉತ್ತರ ಬೇರೆ. ಸೂರು ಕಾಯಕಕ್ಕೆ ಅಡ್ಡಿಯಲ್ಲ, ಕಾಯಕದ ಅಡಿಪಾಯ. ಈಶಾನ್ಯಗುರುಗಳು ನೆಲೆಯನ್ನೂ ಕೆಲಸವನ್ನೂ ಒಟ್ಟಿಗೆ ಕೊಟ್ಟರೆಂಬುದನ್ನು ಮರೆಯಲಾಗದು.

ಮನೆಯವರ ಮಾತು ಮೀರಿ ಬಂದವರನ್ನು ಮಠವು ಇರಿಸಿಕೊಳ್ಳಬಾರದೆಂಬುದು ಎರಡನೆಯ ಆಕ್ಷೇಪ. ಜಾತಿ ಮೀರಿ ಮದುವೆಯಾದ ತಪ್ಪಿಗೆ ಹೊರಹಾಕಲ್ಪಟ್ಟ ತರುಣತರುಣಿಯರೇ ಇಲ್ಲಿ ಹೆಚ್ಚಾಗಿ ಮನಸ್ಸಿಗೆ ಬರುವವರು. ಹರಳಯ್ಯ ಮಧುವರಸರ ಮನೆಯ ಮಕ್ಕಳ ಮದುವೆಗಾಗಿ ಕಲ್ಯಾಣವೇ ರಕ್ತದಲ್ಲಿ ತೊಯ್ದಿತೆಂದು ಕಣ್ಣೀರಿಡುವ ಸಮಾಜವು ಅಂಥದೇ ದಂಪತಿಗಳು ಬಾಗಿಲಿಗೆ ಬಂದಾಗ ಅಗುಳಿ ಹಾಕುವುದಾದರೆ ಆ ಕಣ್ಣೀರಿಗೆ ಬೆಲೆಯಿಲ್ಲ. ಇಂತಹ ದಂಪತಿಗಳಿಗೆ ಜಿಲ್ಲೆಗೊಂದು ಸುರಕ್ಷಿತ ತಾಣವನ್ನು ಏರ್ಪಡಿಸುವುದನ್ನು ರಾಜ್ಯಗಳು ಪರಿಗಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಹೇಳಿತು. ನ್ಯಾಯಾಲಯ ಹೇಳುವ ಮುನ್ನವೇ ಶರಣರ ಮಠಗಳು ಹೇಳಬೇಕಾಗಿದ್ದ ಮಾತಿದು.

ದಾನಕ್ಕೂ ದಾಸೋಹಕ್ಕೂ ಇರುವ ಭೇದ ಭಕ್ತರಿಗೆ ಗೊತ್ತಿರುವುದೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನಾಗುತ್ತಾನೆ, ಪಡೆಯುವವನದು ಅವನದೇ ಪಾಲಾಗುತ್ತದೆ. ಹಕ್ಕು ಎಂಬ ಈ ಕಾಲದ ಮಾತು ದಾನಕ್ಕಿಂತ ದಾಸೋಹಕ್ಕೇ ಹತ್ತಿರದ್ದು. ಕರ್ನಾಟಕದ ಮಠಗಳು ಅನ್ನದಾಸೋಹ, ಜ್ಞಾನದಾಸೋಹಗಳಲ್ಲಿ ನಾಡಿಗೆ ಮಾದರಿಯಾಗಿವೆ. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ, ಅಣೆಕಟ್ಟಿನ ಆಚೆಯ ಕೊಪ್ಪಳದ ಗವಿಮಠದಲ್ಲಿ ಬಡಮಕ್ಕಳಿಗೆ ದೊರೆತ ಆಶ್ರಯವನ್ನು ಎಲ್ಲರೂ ಬಲ್ಲರು. ಆ ದಾಸೋಹವು ಪರೀಕ್ಷೆ ಮುಗಿದ ಮರುದಿನ ನಿಲ್ಲದಿರಲಿ ಎಂಬುದಷ್ಟೇ ಇಲ್ಲಿನ ವಿನಂತಿ. ಮನೆಯಿಲ್ಲದ ಮಕ್ಕಳಿಗಾಗಿ ಪ್ರಸಾದ ನಿಲಯದ ಒಂದೆರಡು ಕೋಣೆಗಳಾದರೂ ಬೇಸಿಗೆಯಲ್ಲಿ ತೆರೆದಿರಲಿ. ಓದು ಮುಗಿಸಿದವನು ಮೊದಲ ಸಂಬಳ ಕೈಗೆ ಬಂದು ಕೋಣೆ ಹಿಡಿಯುವವರೆಗೆ ಅಲ್ಲಿಯೇ ಇರಲಿ. ಅವನೊಡನೆ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋಗಿ ಅರ್ಜಿ ಬರೆಸುವ ಹಿರಿಯರೊಬ್ಬರಿರಲಿ. ಬಾಡಿಗೆ ಮನೆಗಳುಳ್ಳ ಸದ್ಭಕ್ತರು ಇಂತಹ ಒಬ್ಬನಿಗೆ ಅಡ್ವಾನ್ಸ್ ಕೇಳದೆ ಒಂದು ಕೋಣೆಯನ್ನು ಕೊಡಲಿ. ಅದು ಜಾತ್ರೆಯ ಕಾಣಿಕೆಗಿಂತ ಕಡಿಮೆಯ ಸೇವೆಯಲ್ಲ.

ಕೂಡಲಸಂಗಮಕ್ಕೆ ಬಂದ ತರುಣನು ಮುಂದೆ ಏನಾಗುವನೆಂದು ಈಶಾನ್ಯಗುರುಗಳಿಗೆ ತಿಳಿದಿರಲಿಲ್ಲ. ತಿಳಿಯದೆಯೇ ಅವರು ಬಾಗಿಲು ತೆರೆದರು. ಇಂದು ಬಾಗಿಲು ಬಡಿಯುವವನು ಯಾರಾಗುವನೋ ಯಾರೂ ಅರಿಯರು. ಅವನು ಏನೂ ಆಗದಿದ್ದರೂ ಸೂರಿಗೆ ಅರ್ಹನೇ.