ಪಾಚಿಯ ವಿಷ: ಯಂತ್ರ ಅಳೆದರೆ ಸಾಕೇ?

ಹಾನಿಕಾರಕ ಸೂಕ್ಷ್ಮ ಪಾಚಿಗಳ ವಿಷಪರೀಕ್ಷೆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಚಿಪ್ಪುಜೀವಿಗಳನ್ನು ತಿಂದವರಿಗೆ ಅಪಾಯವಿದೆಯೇ ಎಂಬುದು ಒಂದು. ನೀರಿನಲ್ಲಿರುವ ಮೀನು, ಚಿಪ್ಪುಜೀವಿಗಳೇ ಉಳಿಯುತ್ತವೆಯೇ ಎಂಬುದು ಇನ್ನೊಂದು. ಗೊತ್ತಿರುವ ವಿಷಗಳನ್ನೆಲ್ಲ ಯಂತ್ರ ಅಳೆದುಕೊಡುವಾಗ ಜೀವಕೋಶ, ಜೀವಿಗಳ ಮೇಲೆ ಪರೀಕ್ಷೆ ಏಕೆ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಮೊದಲ ಪ್ರಶ್ನೆಯ ಮಟ್ಟಿಗೆ ಅದು ಬಹುಪಾಲು ಒಪ್ಪತಕ್ಕದ್ದು, ಎರಡನೆಯದಕ್ಕೆ ಸಲ್ಲದು.

1983ರಲ್ಲಿ ಮಂಗಳೂರಿನ ಬಳಿ ಮರುವಾಯಿ ತಿಂದವರನ್ನು ಬಾಧಿಸಿದ್ದು ಪಾರ್ಶ್ವವಾಯು ತರುವ ಇಂಥದೇ ವಿಷ. ಬೇಯಿಸಿದರೂ ಅದು ಹೋಗುವುದಿಲ್ಲ. ಇದನ್ನು ಪತ್ತೆಹಚ್ಚುವ ಹಳೆಯ ವಿಧಾನವನ್ನು 1937ರಲ್ಲಿ ಕ್ಯಾಲಿಫೋರ್ನಿಯಾದ ಸೊಮರ್ ಮತ್ತು ಮೇಯರ್ ರೂಪಿಸಿದರು. ಮಾಂಸದ ಆಮ್ಲಸಾರವನ್ನು ಸುಮಾರು 20 ಗ್ರಾಂ ತೂಕದ ಇಲಿಯ ಹೊಟ್ಟೆಗೆ ಚುಚ್ಚಿ, ಅದು ಸಾಯಲು ಹಿಡಿಯುವ ಹೊತ್ತಿನಿಂದ ವಿಷದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಕಿಲೋ ಮಾಂಸಕ್ಕೆ 800 ಮೈಕ್ರೋಗ್ರಾಂ ಮೀರಿದರೆ ಮಾರಾಟ ನಿಲ್ಲಬೇಕೆಂಬುದು ಹಲವು ದೇಶಗಳ ನಿಯಮ. ಈ ವಿಧಾನ ಕ್ರೂರ, ಉಪ್ಪಿನಂಶದಿಂದಲೂ ಇಲಿಯ ತಳಿಯಿಂದಲೂ ಫಲಿತಾಂಶ ಏರುಪೇರಾಗುತ್ತದೆ ಎಂಬ ಆಕ್ಷೇಪಗಳು ನ್ಯಾಯವಾದವು. ಕೊಬ್ಬಿನಲ್ಲಿ ಕರಗುವ ವಿಷಗಳಿಗೆ ಯುರೋಪಿನ ಒಕ್ಕೂಟ 2011ರಲ್ಲಿ ರಾಸಾಯನಿಕ ವಿಶ್ಲೇಷಣೆಯನ್ನೇ ಆಧಾರ ವಿಧಾನವಾಗಿ ಗೊತ್ತುಪಡಿಸಿದ್ದು ಸರಿಯಾದ ನಿರ್ಧಾರ.

ಆದರೆ ಯಂತ್ರ ಕಾಣುವುದು ಹುಡುಕಲು ಹೇಳಿದ್ದನ್ನು ಮಾತ್ರ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಕೆಲವರು ಸತ್ತರು, ಕೆಲವರ ನೆನಪಿನ ಶಕ್ತಿಯೇ ಕುಂದಿತು. ಆ ಪಚ್ಚಿಲೆಯ ಸಾರ ಚುಚ್ಚಿಸಿಕೊಂಡ ಇಲಿಗಳು ಹಿಂಗಾಲಿನಿಂದ ಭುಜವನ್ನು ಬಿಡದೆ ಕೆರೆದುಕೊಂಡವು. ಆವರೆಗೆ ಬಲ್ಲ ಯಾವ ಚಿಪ್ಪುವಿಷದ ಲಕ್ಷಣವೂ ಅದಲ್ಲ. ಆ ಸುಳಿವು ಹಿಡಿದ ರಸಾಯನಶಾಸ್ತ್ರಜ್ಞರು ಕೆಲವೇ ದಿನಗಳಲ್ಲಿ ಡೊಮೊಯಿಕ್ ಆಮ್ಲವನ್ನು ಗುರುತಿಸಿದರು. ಚಿಪ್ಪುಜೀವಿಗಳಲ್ಲಿ ಅಂಥ ವಿಷವಿದ್ದೀತೆಂದು ಅದುವರೆಗೆ ಯಾವ ಪಟ್ಟಿಯೂ ಹೇಳಿರಲಿಲ್ಲ.

ಮೀನುಗಳ ಸಾವಿನಲ್ಲಿ ಪಟ್ಟಿಯ ಮಿತಿ ಇನ್ನೂ ಸ್ಪಷ್ಟ. 2022ರಲ್ಲಿ ಪೋಲೆಂಡ್–ಜರ್ಮನಿಯ ಓಡರ್ ನದಿಯಲ್ಲಿ ನೂರಾರು ಟನ್ ಮೀನು ಕೊಂದ ಪ್ರಿಮ್ನೀಸಿಯಂ ಪಾಚಿಯ ವಿಷತೀವ್ರತೆ ನೀರಿನ ಉಪ್ಪು, ಬೆಳಕು, ರಂಜಕಕ್ಕೆ ತಕ್ಕಂತೆ ಬದಲಾಗುತ್ತದೆ. ಜಪಾನಿನ ಹೆಟೆರೊಕ್ಯಾಪ್ಸಾ ಸಿಂಪಿಗಳನ್ನು ಕೊಲ್ಲುತ್ತದೆ, ಮೀನುಗಳಿಗೆ ತೊಂದರೆ ಕೊಡುವುದಿಲ್ಲ. ಕೀಟೊಸಿರಾಸ್‌ನ ಕೆಲವು ಜಾತಿಗಳ ಮುಳ್ಳುಗಳು ಕಿವಿರಿಗೆ ಚುಚ್ಚಿಯೇ ಮೀನನ್ನು ಕೊಲ್ಲುತ್ತವೆ. ಅಲ್ಲಿ ಅಳೆಯಲು ವಿಷವೇ ಇಲ್ಲ. ಪಾಚಿ ಎಷ್ಟು ವಿಷಕಾರಿ ಎಂಬುದು ಯಾವ ಜೀವಿಗೆ, ಯಾವ ನೀರಿನಲ್ಲಿ ಎಂಬುದರ ಮೇಲೆ ನಿಂತಿದೆ.

ಹಾಗೆಂದು ಇಲಿಗಳನ್ನು ಕೊಲ್ಲುತ್ತಲೇ ಇರಬೇಕಿಲ್ಲ. ರೇನ್‌ಬೋ ಟ್ರೌಟ್ ಮೀನಿನ ಕಿವಿರಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಜೀವಂತ ಪಾಚಿಗೂ ಒಡೆದ ಪಾಚಿಗೂ ಪ್ರತ್ಯೇಕವಾಗಿ ಒಡ್ಡಿ ಅವುಗಳ ಸಾವನ್ನು ಅಳೆಯಬಹುದು. ಸಿಂಪಿಯ ಮರಿಗಳ ಮೇಲೂ ಇಂಥ ಪರೀಕ್ಷೆ ನಡೆಯುತ್ತದೆ. ಮಾರುಕಟ್ಟೆಯ ದಿನನಿತ್ಯದ ತಪಾಸಣೆಗೆ ಯಂತ್ರವೇ ಇರಲಿ. ಕಾರಣ ತಿಳಿಯದೆ ಮೀನು ಸತ್ತಾಗ, ಹೊಸ ಪಾಚಿ ಕಂಡಾಗ ಜೀವಕೋಶದ ಪರೀಕ್ಷೆಯನ್ನೂ ಕಡ್ಡಾಯ ಮಾಡಬೇಕು. ವಿಷ ಪತ್ತೆಯಾಗಲಿಲ್ಲ ಎಂಬ ವರದಿಯೊಂದೇ ನೀರು ನಿರಪಾಯಕರ ಎಂಬುದಕ್ಕೆ ಪುರಾವೆಯಾಗದು.