ಎರಡನೆಯ ಬೀಗ

ಮಕ್ಕಳೇ, ವೈಫೈಗೆ 14 ಅಕ್ಷರದ ಪಾಸ್‌ವರ್ಡ್ ಹಾಕಿಸಿದ್ದೇನೆಂದು ನನಗೆ ಸ್ವಲ್ಪ ಜಂಬವಿತ್ತು. ಮೊನ್ನೆ ಮೊಮ್ಮಗಳು ರೂಟರನ್ನು ಬೋರಲು ಹಾಕಿ, ಅಡಿಯ ಚೀಟಿ ನೋಡಿ, ಮೊಬೈಲ್ ಬ್ರೌಸರಿನಲ್ಲಿ 192.168.1.1 ಎಂದು ಒತ್ತಿದಳು. (ನಿಮ್ಮ ಚೀಟಿಯಲ್ಲಿ ಬೇರೆ ಅಂಕಿ ಇರಬಹುದು.) ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಸೆಟ್ಟಿಂಗ್ಸ್ ತೆರೆದೇಬಿಟ್ಟಿತು!

"ತಾತ, ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ನಮ್ಮ ವೈಫೈ ಸಿಕ್ಕಿದವರು ಇಲ್ಲಿಗೂ ಬಂದು ನಮ್ಮನ್ನೇ ಹೊರಗೆ ಹಾಕಬಹುದು."

ಬಂದ ನೆಂಟರಿಗೆಲ್ಲ ವೈಫೈ ಕೊಟ್ಟವನು ನಾನೇ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ; ಅಲ್ಲಿ ದುಡಿದವನ ಮನೆಯಲ್ಲಿ ಹೀಗೆ!

ಆಗಲೇ ಹೊಸದು ಹಾಕಿದೆವು. ಮರೆತರೆ ರೀಸೆಟ್ ಒತ್ತಬಹುದು, ಆದರೆ ಹಾಕಿದ್ದೆಲ್ಲ ಅಳಿಸಿಹೋಗಿ ಮತ್ತೆ 'ಅಡ್ಮಿನ್' ಬರುತ್ತದೆ. ಅದಕ್ಕೇ ಡೈರಿಯಲ್ಲಿ ಬರೆದುಕೊಂಡೆ.

"ಡೈರಿ ಎಲ್ಲಿಡ್ತೀಯ ತಾತ?" ಎಂದಳು.