ಕೆರೆ ನೋಡದೆ ವಾಪಸ್ ಬಂದವನು

ಉಪ್ಪಳದ ನಮ್ಮ ಅಂಗಡಿಗೆ ಈಗೀಗ ಸಾಮಾನಿಗಲ್ಲದೆ ಸಲಹೆಗೂ ಹುಡುಗರು ಬರುತ್ತಾರೆ. "ಬ್ರಹ್ಮತಾಲ್‌ಗೆ ಹೋಗ್ಲಿಕ್ಕುಂಟು, ಎಂತೆಲ್ಲ ತಗೊಳ್ಬೇಕು?" ಕಳೆದ ಜನವರಿಯಲ್ಲಿ ನಾವು ಐದು ಜನ ಅಲ್ಲಿಗೆ ಹೋದದ್ದು ಊರಿಗೆಲ್ಲ ಗೊತ್ತು. ದುಡ್ಡು ಕೊಟ್ಟು ಚಳಿಯಲ್ಲಿ ನಡುಗಲಿಕ್ಕೆ ಯಾಕೆ ಹೋಗುವುದು ಅಂತ ಉಪ್ಪನಿಗೆ ಇನ್ನೂ ಅರ್ಥವಾಗಿಲ್ಲ.

ಸಾಮಾನಿನ ಪಟ್ಟಿ ಕಷ್ಟದ್ದಲ್ಲ. ಹತ್ತಿ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾದರೆ ಮೈಯ ಬಿಸಿ ಎಲ್ಲ ಅದೇ ಎಳೆದುಕೊಳ್ಳುತ್ತದೆ. ಒಂದೇ ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಒಳ್ಳೆಯದು, ಚಳಿ ತಡೆಯುವುದು ನಡುವೆ ನಿಂತ ಗಾಳಿ. ರಾತ್ರಿ ಫೋನನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಡಿ, ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಖಾಲಿ. ಎರಡು ತಿಂಗಳು ಮೊದಲೇ ಬ್ಯಾಗ್ ಹೊತ್ತು ಪೊಸಡಿಗುಂಪೆ ಹತ್ತಿ ಇಳಿಯಿರಿ. ಉಮ್ಮಂದಿರು ಕೇಳುವ ಊಟದ ಪ್ರಶ್ನೆಗೆ ಉತ್ತರ: ನಮಗೆ ಸಿಕ್ಕಿದ್ದು ದಾಲ್, ಅನ್ನ, ರೊಟ್ಟಿ, ಮೊಟ್ಟೆ. ತಲೆಬಿಸಿ ಬೇಡ.

ಆದರೆ ಯಾರೂ ಕೇಳದ ವಿಷಯ ಒಂದುಂಟು.

ಬ್ರಹ್ಮತಾಲ್ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಸುಮಾರು 3,200 ಮೀಟರ್ ಎತ್ತರದಲ್ಲಿರುವ ಸಣ್ಣ ಕೆರೆ. ಜನವರಿಯಲ್ಲಿ ಹೆಪ್ಪುಗಟ್ಟಿರುತ್ತದೆ. ಅದರ ಮೇಲಿನ ಏಣು ಸುಮಾರು 3,700 ಮೀಟರ್. ಅಲ್ಲಿ ನಿಂತರೆ 7,120 ಮೀಟರಿನ ತ್ರಿಶೂಲ್ ಎದುರಿಗೇ ಕಾಣುತ್ತದೆ. ನಾವು ಸಮುದ್ರದ ಬದಿಯವರು. ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ ಇರುತ್ತದೆ, ಆದರೆ ಒತ್ತಡ ಇಳಿಯುತ್ತದೆ. ಆ ಏಣಿನಲ್ಲಿ ಒತ್ತಡ ನಮ್ಮೂರಿನದ್ದರ ಮೂರನೇ ಎರಡು ಪಾಲಿನಷ್ಟೂ ಇಲ್ಲ. ಡಿಪ್ಲೊಮಾದಲ್ಲಿ ಕಂಪ್ರೆಸರ್ ಪಾಠ ಓದಿದ ನನಗೆ ಇದು ಲೆಕ್ಕದಲ್ಲಿ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ಜಿಮ್‌ನಲ್ಲಿ ಬೆಳೆಸಿದ ಮೈಯನ್ನೂ ಅದು ಬಿಡುವುದಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದ ಹುಡುಗನಿಗೇ ಎರಡನೇ ರಾತ್ರಿ ತಲೆನೋವು ಶುರುವಾಯಿತು. ಊಟ ಬೇಡವೆಂದ. ಬೆಳಿಗ್ಗೆ ಟೆಂಟಿನ ಹಿಂದೆ ವಾಂತಿ ಮಾಡಿ, "ಗೈಡ್‌ಗೆ ಹೇಳ್ಬೇಡ ಮಾರಾಯ, ಕೆಳಗೆ ಕಳಿಸ್ತಾರೆ" ಎಂದ. ನಾನೂ ಹೇಳಲಿಲ್ಲ. ಆ ತಪ್ಪು ನನ್ನದು. ಒಂದು ಗಂಟೆ ಹತ್ತಿದ ಮೇಲೆ ಅವನ ಕಾಲು ಕುಡಿದವನ ಹಾಗೆ ಅಡ್ಡಾದಿಡ್ಡಿ ಬೀಳತೊಡಗಿತು. ಗೈಡ್ ನೋಡಿದ್ದೇ ಅವನನ್ನು ಹಿಡಿದು ಕೆಳಗಿಳಿಸಿದರು. ಮೆದುಳಿಗೆ ನೀರು ಇಳಿಯುವಾಗ ನಡಿಗೆ ಹಾಗೆ ತಪ್ಪುತ್ತದೆ. ಆಗ ಇಳಿಯಲೇಬೇಕು, ಒಂದು ರಾತ್ರಿ ಕಾಯುವ ಹಾಗಿಲ್ಲ. ಅಲ್‌ಹಮ್ದುಲಿಲ್ಲಾಹ್, ಲೋಹಾಜಂಗ್ ತಲುಪುವಾಗ ಅವನು ಸರಿಯಾಗಿದ್ದ.

ಊರಿಗೆ ಬಂದ ಮೇಲೆ ಕೇಳಿದವರೆಲ್ಲ ನಕ್ಕರು. ಅಷ್ಟು ದೂರ ಹೋಗಿ ಕೆರೆ ನೋಡದೆ ಬಂದೆಯಾ?

ಈ ನಗು ನನಗೆ ಹೊಸದಲ್ಲ. ಗಲ್ಫಿಗೆ ಹೋಗಿ ಆರು ತಿಂಗಳಿಗೆ ವಾಪಸ್ ಬಂದವನಿಗೂ ನಾವು ಹೀಗೇ ನಗುತ್ತೇವೆ. ಅದಕ್ಕೇ ಅಲ್ಲಿರುವವರು ಎದೆನೋವನ್ನೂ ಮನೆಗೆ ಫೋನಿನಲ್ಲಿ ಹೇಳುವುದಿಲ್ಲ. ನನ್ನ ಮಾವನೊಬ್ಬರು ಹೇಳಲಿಲ್ಲ. ನಮಗೆ ಗೊತ್ತಾದದ್ದು ಅವರ ರೂಮಿನವರು ಫೋನ್ ಮಾಡಿದಾಗ. ಬರಿಗೈಯಲ್ಲಿ ಬರಬಾರದು ಅಂತ ಮನೆಯಲ್ಲಿ ಕಲಿತ ಹುಡುಗ ಹಿಮದಲ್ಲಿಯೂ ಅದನ್ನೇ ಮಾಡುತ್ತಾನೆ. ಇದಕ್ಕೆ ಮದ್ದು ಬೂಟಿನ ಅಂಗಡಿಯಲ್ಲಿ ಸಿಗುವುದಿಲ್ಲ. ಹೊರಡುವ ಮೊದಲೇ ಮನೆಯವರು ಬಾಯಿಬಿಟ್ಟು ಹೇಳಬೇಕು: ಅರ್ಧದಿಂದ ಬಂದರೂ ನಾವು ಏನೂ ಕೇಳುವುದಿಲ್ಲ.

ಆ ಹುಡುಗ ಈ ಡಿಸೆಂಬರಿನಲ್ಲಿ ಮತ್ತೆ ಹೊರಟಿದ್ದಾನೆ, ಈ ಸಲ ಮೊದಲು ಡಾಕ್ಟರನ್ನು ಕಂಡು. ಮೊನ್ನೆ ಅವನ ಉಮ್ಮ ಅಂಗಡಿಗೆ ಬಂದು, "ಅವನಿಗೆ ತಲೆನೋವು ಬಂದರೆ ಯಾರಲ್ಲಿ ಹೇಳಬೇಕು?" ಎಂದು ಕೇಳಿದರು. ಮೊದಲು ಗೈಡ್‌ಗೆ, ಇಳಿದ ಮೇಲೆ ನಿಮಗೆ, ಎಂದೆ.